ಅದೇ ರೇಟಿಗೆ ದೊಡ್ಡ ಸೈಜು

ನನ್ನ ಷಡ್ಡಕ ಬೆನ್ನ ಮೇಲೆ ಬ್ಯಾಟರಿ ಹೊತ್ತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಂಡು, ಯಾರ ಜೊತೆಗೋ ನಗುತ್ತಾ ನಾಲ್ಕನೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಕಾಡುಗೋಡಿಯ ಆ ಗಲ್ಲಿಯಲ್ಲಿ ಅವನಿದ್ದ ಕಟ್ಟಡದ ಮೆಟ್ಟಿಲು ರಸ್ತೆ ಕಡೆಗೇ ತೆರೆದುಕೊಂಡಿತ್ತು. ಎದುರಿನ ಕಟ್ಟಡದ ತಾರಸಿಯ ಮೇಲೆ ನಿಂತಿದ್ದ ನನಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು. ಕಾಣದೇ ಇದ್ದಿದ್ದರೆ ಒಳ್ಳೆಯದಿತ್ತು. ಏಕೆಂದರೆ ನನ್ನ ಇಬ್ಬರು ಆಳುಗಳು ಅಂಥದ್ದೇ ಒಂದು ಬ್ಯಾಟರಿ ಇಟ್ಟುಕೊಂಡು, ಮೂರನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನನಗಿಂತ ಚಿಕ್ಕವನು, ನನಗಿಂತ ಎತ್ತರ. ಇಬ್ಬರದೂ ಒಂದೇ ಕಸುಬು. ಕಟ್ಟಡಗಳ ತಾರಸಿ ಮೇಲೆ ನಿಲ್ಲಿಸಿರುವ ಮೊಬೈಲ್ ಟವರುಗಳಿಗೆ ಕರೆಂಟು ಹೋದಾಗ ಜೀವ ಹಿಡಿದಿಡುವುದು ಬ್ಯಾಟರಿ. ಹಳೆಯ ಸೀಸದ ಬ್ಯಾಟರಿಗಳನ್ನು ಇಳಿಸಿ ಹೊಸ ಲಿಥಿಯಂ ಡಬ್ಬ ಏರಿಸುವುದು ನಮ್ಮ ಕೆಲಸ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಾದರೆ ಸರ್ವಿಸ್ ಲಿಫ್ಟ್ ಇರುತ್ತದೆ, ಯಾರು ಬೇಕಾದರೂ ಮಾಡಬಹುದು. ಕಾಡುಗೋಡಿಯ ಬಾಡಿಗೆ ರೂಮುಗಳ ಕಟ್ಟಡಗಳು ಹಾಗಲ್ಲ. ಅಂಗೈಯಗಲದ ಸೈಟಿನಲ್ಲಿ ಐದು ಅಂತಸ್ತು, ಒಬ್ಬನ ಭುಜ ಹಿಡಿಯುವಷ್ಟೇ ಮೆಟ್ಟಿಲು. ಡಬ್ಬದ ತೂಕ ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಡಿಮೆ. ಇಬ್ಬರು ಹಿಡಿದರೆ ಕೆಳಗಿನವನಿಗೆ ಪೂರಾ ಭಾರ, ಮೇಲಿನವನ ಬೆರಳು ಗೋಡೆಗೆ. ಒಬ್ಬನ ಬೆನ್ನಿಗೆ ಹಗ್ಗದಲ್ಲಿ ಕಟ್ಟಿದರೆ ಹಗ್ಗ ಹೆಗಲು ಕೊಯ್ಯುತ್ತದೆ, ಕಂಬಿ ಹಿಡಿಯಲು ಕೈ ಉಳಿಯುವುದಿಲ್ಲ.

ಅವನ ಬೆನ್ನ ಮೇಲಿದ್ದುದು ಚೀಲದಂತೆ ಇರಲಿಲ್ಲ. ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ಕೆಳಗೆ ಡಬ್ಬ ಕೂರಲು ಒಂದು ಚಿಕ್ಕ ಹಲಗೆ, ಸೊಂಟದ ಸುತ್ತ ಅಂಗೈಯಗಲದ ದಪ್ಪ ಪಟ್ಟಿ. ಬಣ್ಣ ಒಣಗಿದ ಪಾಚಿಯದು.

"ಏನೋ ಅದು?" ಎಂದು ಇಲ್ಲಿಂದಲೇ ಕೂಗಿದೆ.

"ಬೇಟೆ ಬ್ಯಾಗಣ್ಣ! ಫಾರಿನ್ನಲ್ಲಿ ಲೈಸೆನ್ಸ್ ತಗೊಂಡು ಜಿಂಕೆ ಹೊಡೀತಾರಂತಲ್ಲ, ಆ ಮಾಂಸಾನ ಬೆಟ್ಟದಿಂದ ಹೊತ್ಕೊಂಡ್ ಬರೋ ಬ್ಯಾಗಂತೆ."

"ಎಷ್ಟು ಕೊಟ್ಟೆ?"

"ಏನೂ ಕೊಟ್ಟಿಲ್ಲ. ವೈಟ್‌ಫೀಲ್ಡಲ್ಲಿ ಒಬ್ರು ಸಾರು, ಇಲ್ಲಿ ಇದ್ನ ಇಟ್ಕೊಂಡು ನಾನೇನ್ ಮಾಡ್ಲಿ ತಗೊಂಡ್ ಹೋಗಪ್ಪಾ ಅಂದ್ರು. ಸುಮ್ನೆ ಕೊಟ್ರಣ್ಣ!"

ಸುಮ್ನೆ. ಬೇರೆ ಏನು ಹೇಳಿದ್ದರೂ ತಡೆದುಕೊಳ್ಳುತ್ತಿದ್ದೆ. ನಾನು ಸ್ಕ್ರೂ ಡ್ರೈವರನ್ನೂ ಮೂರು ಅಂಗಡಿ ಸುತ್ತಿ, ಎರಡು ಸಲ ಎದ್ದು ಹೊರಟಂತೆ ಮಾಡಿ ಕೊಳ್ಳುವವನು. ಇವನ ಮನೆಗೆ ವಸ್ತುಗಳು ತಾವಾಗಿ ನಡೆದುಕೊಂಡು ಬರುತ್ತವೆ.

ಅದೇ ವಾರ ಟವರ್ ಕಂಪನಿಯ ಮೇಲ್ವಿಚಾರಕರು ಇಬ್ಬರನ್ನೂ ನಿಲ್ಲಿಸಿಕೊಂಡು ಒಂದು ಮಾತು ಹೇಳಿದರು. "ಕಾಡುಗೋಡಿಯಿಂದ ಸರ್ಜಾಪುರದವರೆಗೆ ಲಿಫ್ಟ್ ಇಲ್ದಿರೋ ಬಿಲ್ಡಿಂಗ್ ಎಲ್ಲಾ ಒಬ್ರಿಗೇ ಕೊಡ್ತೀವಿ. ದೀಪಾವಳಿವರೆಗೆ ನೋಡ್ತೀನಿ. ಓನರ್ ಕಂಪ್ಲೇಂಟ್ ಬರಬಾರ್ದು, ಯಾರಿಗೂ ಏಟಾಗಬಾರ್ದು. ಉಳಿದವ್ರು ಬೇಕಾದ್ರೆ ಅವ್ರ ಕೆಳಗೆ ಸೇರ್ಕೊಳ್ಳಿ."

ಅವರ ಕೆಳಗೆ! ಹಬ್ಬಕ್ಕೆ ಅತ್ತೆ ಮನೆಗೆ ಹೋದಾಗ ಷಡ್ಡಕನೇ ನನಗೆ ಕೂಲಿ ಎಣಿಸಿ ಕೊಡುವ ಚಿತ್ರ ಕಣ್ಣ ಮುಂದೆ ಬಂದು, ಮಧ್ಯಾಹ್ನದ ಊಟ ಸೇರಲಿಲ್ಲ.

ಪೀಣ್ಯದ ಗಲ್ಲಿಗಳಲ್ಲಿ ಹೊರದೇಶಕ್ಕೆ ಬ್ಯಾಗು ಹೊಲಿಯುವ ಘಟಕಗಳಿವೆ. ಅಲ್ಲಿ ಉಳಿದ ಸ್ಯಾಂಪಲ್ ಮಾಲು ನಾಗಸಂದ್ರದ ಒಬ್ಬ ವ್ಯಾಪಾರಿಯ ಗೋದಾಮಿಗೆ ಬಂದು ಬೀಳುತ್ತದೆ. ಅವನ ಹತ್ತಿರ ಬೇಟೆ ಬ್ಯಾಗು ಎರಡಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಕೊಳ್ಳುವುದು ಹೇಗೆ ಅಂತ ನಾನು ಯಾರಿಂದಲೂ ಹೇಳಿಸಿಕೊಳ್ಳಬೇಕಿಲ್ಲ. ಚೌಕಟ್ಟನ್ನು ನೆಲಕ್ಕೆ ಓರೆಯಾಗಿಟ್ಟು ಮಂಡಿಯಿಂದ ಒತ್ತಿದೆ. ಬಾಗಿ ವಾಪಸ್ ಬಂತು, ಕಿರುಗುಟ್ಟಲಿಲ್ಲ. ಪಟ್ಟಿಗಳು ಬಟ್ಟೆಗೆ ಸೇರುವ ಜಾಗದಲ್ಲಿ ಒತ್ತೊತ್ತಾಗಿ ಅಡ್ಡ ಹೊಲಿಗೆ ಇದೆಯೇ ಎಂದು ಉಗುರಿನಲ್ಲಿ ಕೆರೆದು ನೋಡಿದೆ. ಸೊಂಟದ ಪಟ್ಟಿಯನ್ನು ಮಡಿಸಲು ನೋಡಿದೆ. ಮೆತ್ತಗೆ ಮಡಚಿಕೊಂಡರೆ ಅದು ಭಾರ ಹೊರುವುದಿಲ್ಲ, ಹಗ್ಗದಂತೆ ಸುರುಳಿಯಾಗುತ್ತದೆ. ಇದು ಮಡಚಲಿಲ್ಲ. ಚೀಲ ಬಿಚ್ಚಿದರೆ ಬರೀ ಚೌಕಟ್ಟು ಉಳಿಯುತ್ತದೆಯೇ, ಡಬ್ಬ ನೇರವಾಗಿ ಬೆನ್ನಿಗೆ ಅಂಟಿ ಕೂರುತ್ತದೆಯೇ, ಅದನ್ನೂ ನೋಡಿದೆ. ಇವಿಷ್ಟನ್ನು ಯಾರು ಕೊಂಡರೂ ನೋಡಲೇಬೇಕು.

"ಯಾರ್ ಸಾರ್ ಹಾಕ್ಕೊಳೋದು?" ಎಂದು ವ್ಯಾಪಾರಿ ಕೇಳಿದ.

ಯಾರು ಹಾಕಿಕೊಂಡರೆ ಇವನಿಗೇನು, ಗಿರಾಕಿಯ ಅವಸರ ಅಳೆಯಲು ಕೇಳುತ್ತಿದ್ದಾನೆ ಎಂದುಕೊಂಡೆ. "ಅದ್ಯಾಕೆ ನಿಮ್ಗೆ? ದೊಡ್ಡದನ್ನ ಚಿಕ್ಕದ್ರ ರೇಟಿಗೆ ಕೊಡ್ತೀರೋ ಇಲ್ವೋ ಹೇಳಿ."

"ದೊಡ್ಡದಕ್ಕೆ ಜಾಸ್ತಿ ಸಾರ್, ಮಾಲ್ ಜಾಸ್ತಿ ಹಿಡಿದಿಲ್ವಾ?"

ಹೊರಟೆ. ಟೀ ಕುಡಿದು ಬಂದೆ. ಮತ್ತೆ ಹೊರಟೆ. ಮಾರನೆಯ ದಿನ ಬೇರೆ ಶರ್ಟು ಹಾಕಿಕೊಂಡು ಬಂದೆ. ಕೊನೆಗೆ ಅವನೇ, "ತಗೊಂಡ್ ಹೋಗಿ ಸಾರ್, ನಿಮ್ ಕಾಟ ತಪ್ಲಿ" ಎಂದ. ಚಿಕ್ಕದರ ಬೆಲೆಗೆ ದೊಡ್ಡದು ಸಿಕ್ಕಿತು. ಸ್ಕೂಟರಿನ ಮೇಲೆ ಅದನ್ನು ಇಟ್ಟುಕೊಂಡು ಬರುವಾಗ ಮೆಟ್ರೊ ಕಂಬಗಳೆಲ್ಲಾ ನನಗೆ ಸಲಾಂ ಹೊಡೆದಂತಿತ್ತು.

ಹೆಂಡತಿ ನೋಡಿದವಳು, "ಚೆನ್ನಾಗಿದೆ. ನನ್ ತಂಗಿ ಗಂಡ ಇದ್ನ ಬಿಟ್ಟಿ ತಂದ, ನೀವು ದುಡ್ಡು ಕೊಟ್ಟು ತಂದ್ರಿ" ಎಂದಳು.

"ಅವನದು ಚಿಕ್ಕದು ಕಣೇ. ಇದು ದೊಡ್ಡದು."

ಹೊರುವವನು ಕೊಪ್ಪಳದ ಕಡೆಯವನು, ನನ್ನಲ್ಲಿ ಬಹಳ ದಿನದಿಂದ ಇದ್ದಾನೆ. ತಲೆ ಬಾಗಿಲಿಗೆ ತಾಗುವಷ್ಟು ಎತ್ತರದ ಆಸಾಮಿ. ಅವನಿಗೆ ದೊಡ್ಡ ಸೈಜೇ ಸರಿ ಎಂದು ನನಗೆ ಅನುಮಾನವೇ ಇರಲಿಲ್ಲ. ಶೆಡ್ಡಿನ ಮುಂದೆ ಮರಳು ಮೂಟೆ ಕಟ್ಟಿ ಆ ತುದಿಯಿಂದ ಈ ತುದಿಗೆ ನಡೆಸಿದೆ. ಚೆನ್ನಾಗೇ ನಡೆದ. ಆದರೆ ಅದು ಸಮತಟ್ಟು ನೆಲ. ಪರೀಕ್ಷೆ ಮಾಡುವವರು ಮೆಟ್ಟಿಲ ಮೇಲೇ ಮಾಡಿ. ತೊಡೆ ಮೇಲೆತ್ತಿದಾಗಲೇ ಪಟ್ಟಿಯ ಬಣ್ಣ ಬಯಲಾಗುವುದು.

ಕಾಡುಗೋಡಿಯಲ್ಲಿ ಮೊದಲ ಮಹಡಿ ದಾಟುವಷ್ಟರಲ್ಲಿ ದನಿ ಬಂತು. "ಮಾಲಕರ, ಪಟ್ಟಿ ನಡದ ಮ್ಯಾಲೆ ನಿಂದ್ರವಲ್ದು. ಕೆಳಗ ಜಾರತೈತಿ."

"ಬಿಗಿ ಮಾಡೋ."

"ಎಷ್ಟಂತ ಬಿಗೀಲ್ರಿ? ಮುಂಜಾನೆ ತಿಂದ ಇಡ್ಲಿ ಬಾಯಿಗೆ ಬಂದೈತಿ."

ಪಟ್ಟಿಯ ಒಳಗೆ ಟವೆಲು ತುರುಕಿದೆವು. ಎರಡನೇ ಮಹಡಿಗೆ ಟವೆಲೂ ಜಾರಿತು. ಸೊಂಟದ ಮೂಳೆಯ ಮೇಲೆ ಕೂರಬೇಕಾದ ಪಟ್ಟಿ ಕುಂಡಿಯ ಮೇಲೆ ಕೂತಿತ್ತು, ಪೂರಾ ಭಾರ ಹೆಗಲಿಗೆ ಇಳಿದಿತ್ತು. ತಿರುವಿನಲ್ಲಿ ಚೌಕಟ್ಟಿನ ತಲೆ ಮೇಲಿನ ಸ್ಲ್ಯಾಬಿಗೆ ಬಡಿಯಿತು. ನಾಲ್ಕನೇ ಮಹಡಿಯಲ್ಲಿ ಅವನು ಹಿಂದಕ್ಕೆ ವಾಲಿ, ಬೀಳದೆ ಗೋಡೆಗೆ ಆತುಕೊಂಡ. ಡಬ್ಬದ ಮೂಲೆ ಗೋಡೆಯ ಟೈಲ್ಸನ್ನು ಗಾರೆ ಸಮೇತ ಕಿತ್ತುಕೊಂಡಿತು.

ಕಟ್ಟಡದ ಯಜಮಾನಿ ಆ ಊರಿನ ಹಳೆಯ ಮನೆತನದವರು. ಸದ್ದಿಗೆ ಹೊರಗೆ ಬಂದರು. "ಏನಪ್ಪಾ, ಇಂಗಾ ಗ್ವಾಡೆ ಕಿತ್ತಾಕೋದು? ಟವರ್ ಬಾಡಿಗೆ ಬತ್ತೈತೆ ಅಂತ ಮನೇನೇ ಕೆಡವಾಕ್ತೀರಾ? ನೆನ್ನೆ ಎದುರ್ಗಡೆ ಒಬ್ಬ ಉದ್ದಕ್ಕಿರೋ ಉಡ್ಗ ಒಳ್ಳೆ ಉಲ್ಲಿನ ಒರೆ ಒತ್ಕೊಂಡ್ ಓದಂಗೆ ಓದ, ಅವನ್ನ ನೋಡಿ ಕಲೀರಿ!"

ದೂರು ಮೇಲ್ವಿಚಾರಕರಿಗೆ ಹೋಯಿತು. ಟೈಲ್ಸು ನಾನೇ ಹಾಕಿಸಿಕೊಟ್ಟೆ. ಆದರೆ ಅವರು ಹೋಲಿಸಲು ಇಡೀ ಕಾಡುಗೋಡಿಯಲ್ಲಿ ನನ್ನ ಷಡ್ಡಕನನ್ನೇ ಹುಡುಕಬೇಕಿತ್ತೇ?

ಆಯುಧಪೂಜೆಗೆ ಅವನ ಶೆಡ್ಡಿಗೆ ಕರೆದಿದ್ದ. ಹೋಗದಿದ್ದರೆ ಹೆಂಡತಿ ಬಿಡುತ್ತಿರಲಿಲ್ಲ. ಸ್ಪ್ಯಾನರು, ಡ್ರಿಲ್ಲು, ಟೆಂಪೊ, ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಮಧ್ಯದಲ್ಲಿ ಮಣೆ ಹಾಕಿ ಆ ಬೇಟೆ ಬ್ಯಾಗನ್ನು ಕೂರಿಸಿದ್ದ. ಚೆಂಡು ಹೂವಿನ ಹಾರ ಬೇರೆ. ಅತ್ತೆ ಅದರ ಮುಂದೆ ನಿಂತು ಎಲ್ಲರಿಗೂ, "ನಮ್ ಚಿಕ್ಕಳಿಯಂದಿರಿಗೆ ಪ್ರೀತಿಯಿಂದ ಕೊಟ್ರಂತೆ" ಎಂದು ಹೇಳುತ್ತಿದ್ದರು.

ನಾನು ಅದರ ಮುಂದೆ ಮಂಡಿಯೂರಿ ಕುಳಿತು ನಮಸ್ಕಾರ ಮಾಡಿದೆ. ಮಾಡುತ್ತಲೇ, ಹಾರದ ಮರೆಯಲ್ಲಿ ಗೇಣು ಹಾಕಿದೆ. ಸೊಂಟದ ಪಟ್ಟಿಯ ನಡುವಿನಿಂದ ಹೆಗಲ ಪಟ್ಟಿ ಚೌಕಟ್ಟಿಗೆ ಸೇರುವ ಜಾಗದವರೆಗೆ ಎರಡು ಗೇಣು. ನನ್ನದರಲ್ಲಿ ಅಷ್ಟೇ ದೂರಕ್ಕೆ ಎರಡು ಗೇಣಿನ ಮೇಲೆ ನಾಲ್ಕು ಬೆರಳು ಹೆಚ್ಚಿತ್ತು. ಖಾತ್ರಿ ಮಾಡಿಕೊಳ್ಳಲು ಮತ್ತೊಮ್ಮೆ ಹಾಕಿದೆ.

"ಏನಣ್ಣಾ, ಇಷ್ಟೊತ್ತು ನಮಸ್ಕಾರ?" ಷಡ್ಡಕ ಹಿಂದೆಯೇ ನಿಂತಿದ್ದ.

"ನಿನ್ ಬ್ಯಾಗಿಗೆ ಒಳ್ಳೇದಾಗ್ಲಿ ಅಂತ ಬೇಡ್ಕೊಂಡೆ ಕಣೋ."

"ಅಯ್ಯೋ ಅಣ್ಣಾ!" ಎಂದು ಅವನು ಕರಗಿ ನೀರಾದ. ಎರಡು ಬಾಳೆಹಣ್ಣು ಜಾಸ್ತಿ ಕೊಟ್ಟ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಲೆಕ್ಕ. ಅವನು ನಮ್ಮಿಬ್ಬರ ಮನೆಯಲ್ಲೂ ಎಲ್ಲರಿಗಿಂತ ಎತ್ತರ. ಚೀಲ ಮಾತ್ರ ಚಿಕ್ಕದು, ಆದರೂ ಸರಿಯಾಗಿ ಕೂರುತ್ತದೆ. ಹಾಗಾದರೆ ಎತ್ತರಕ್ಕೂ ಇದಕ್ಕೂ ಸಂಬಂಧ ಇಲ್ಲ. ಊಟಕ್ಕೆ ಕೂತಾಗ ಅವನು ನನ್ನ ಪಕ್ಕದಲ್ಲಿ ನನ್ನಷ್ಟೇ ಇದ್ದನಲ್ಲ! ಎದ್ದರೆ ಮಾತ್ರ ಎತ್ತರ. ಅವನ ಎತ್ತರವೆಲ್ಲಾ ಕಾಲಿನಲ್ಲಿತ್ತು.

ಬೆಳಗ್ಗೆಯೇ ಕೊಪ್ಪಳದವನನ್ನು ನಿಲ್ಲಿಸಿ ತಲೆ ಬಗ್ಗಿಸು ಎಂದೆ. ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ; ಅಳತೆ ಶುರುವಾಗುವುದು ಅಲ್ಲಿ. ಎರಡೂ ಕೈ ಸೊಂಟಕ್ಕೆ ಇಟ್ಟುಕೊಂಡರೆ ಬೆರಳಿಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಅದೇ ಮಟ್ಟಕ್ಕೆ ಬೆನ್ನ ಮೇಲೆ ಗೆರೆ ಎಳೆದುಕೊಂಡರೆ ಅಲ್ಲಿಗೆ ಮುಗಿಯಿತು. ಈ ಎರಡರ ನಡುವಿನ ಉದ್ದವೇ ಚೀಲದ ಸೈಜು. ಚಪ್ಪಲಿ ಕೊಳ್ಳುವಾಗ ತಲೆ ಅಳೆಯುತ್ತೇವೆಯೇ? ಎತ್ತರ ನೋಡಿ ಬೆನ್ನಿನ ಚೀಲ ಕೊಳ್ಳುವುದು ಅಂಥದ್ದೇ. ಕೊಪ್ಪಳದವನ ಬೆನ್ನು ಗಿಡ್ಡ. ನನ್ನ ಇನ್ನೊಬ್ಬ ಆಳು, ಎಲ್ಲರೂ ಗಿಡ್ಡ ಎನ್ನುವವನು, ಅವನದೇ ಉದ್ದ.

ಬದಲಾಯಿಸಿಕೊಳ್ಳೋಣ ಎಂದು ನಾಗಸಂದ್ರಕ್ಕೆ ಓಡಿದೆ.

"ಚಿಕ್ಕದು ಹೋಯ್ತಲ್ಲ ಸಾರ್. ಒಬ್ರು ಬಂದು, ನಮ್ ಹುಡ್ಗ ಗಿಡ್ಡಕ್ಕಿದ್ದಾನೆ ಚಿಕ್ಕದೇ ಕೊಡಿ ಅಂದ್ರು. ನಾನ್ ಹೇಳಿದ್ ರೇಟ್ ಕೊಟ್ಟು, ತಗೊಂಡ್ ಹೋದ್ರು. ಚೌಕಾಸಿನೇ ಇಲ್ಲ. ಕಾಡುಗೋಡಿಲಿ ಟವರ್ ಕೆಲಸಕ್ಕೆ ಅಂದ್ರು."

ಯಾರು ಎಂದು ಕೇಳಲಿಲ್ಲ. ಬಿಟ್ಟಿ ಬಂದದ್ದು ಒಂದು ಸಾಲದೆಂದು, ಹೇಳಿದ ಬೆಲೆಗೇ ಇನ್ನೊಂದು ಕೊಳ್ಳುವವನು ನನ್ನ ಬಳಗದಲ್ಲಿ ಒಬ್ಬನೇ ಇದ್ದಾನೆ.

ಉಳಿದ ದಾರಿ ಕತ್ತರಿಸುವುದು. ಇದನ್ನು ಹೇಳಿದಷ್ಟು ಸುಲಭವಾಗಿ ಮಾಡಲಿಲ್ಲ. ನಾನು ಏನು ಕೊಂಡರೂ ನಾಳೆ ಮಾರಿದರೆ ಎಷ್ಟು ಬರುತ್ತದೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೇ ಕೊಳ್ಳುವವನು. ಕತ್ತರಿಸಿದ ಮಾಲಿಗೆ ಬೆಲೆ ಇಲ್ಲ. ಚೌಕಾಸಿ ಮಾಡಿ ಗೆದ್ದ ಆ ನಾಲ್ಕು ಬೆರಳನ್ನೇ ಕೊಯ್ದು ಬಿಸಾಡಬೇಕು. ಎರಡು ದಿನ ಚೌಕಟ್ಟಿನ ಪಕ್ಕ ಕೂತೆದ್ದೆ. ಮೂರನೆಯ ದಿನ ಷಡ್ಡಕನ ಕೈಕೆಳಗೆ ನಿಂತಂತೆ ಮತ್ತೊಮ್ಮೆ ಕಲ್ಪಿಸಿಕೊಂಡೆ. ಎದ್ದು ಪೀಣ್ಯಕ್ಕೆ ಹೋದೆ.

ಅಲ್ಲಿ ನನ್ನ ಪರಿಚಯದ ವೆಲ್ಡರ್ ಅದನ್ನು ತಿರುಗಿಸಿ ನೋಡಿ, "ಕುಯ್ದು ಜೋಡ್ಸಿ ಆರ್ಗಾನ್ ಹೊಡ್ದು ಬಿಸಾಕ್ತೀನಿ, ಸಾಯಂಕಾಲ ಬಾ ಗುರು" ಎಂದ.

"ವೆಲ್ಡಿಂಗ್ ಬೇಡ. ಕಾದ ಜಾಗ ಮೆತ್ತಗಾಗುತ್ತೆ, ಮೆಟ್ಟಿಲ ಮೇಲೆ ಮಡಚ್ಕೊಂಡ್ರೆ ಏನ್ ಮಾಡ್ಲಿ? ಒಳಗೆ ಬಿಗಿಯಾದ ಕೊಳವೆ ತೂರ್ಸಿ ರಿವೆಟ್ ಹೊಡಿ."

"ಅದಕ್ಕೆ ಟೈಮ್ ಹಿಡಿಯುತ್ತೆ."

"ನಾನು ಇಲ್ಲೇ ಕೂತಿರ್ತೀನಿ."

"ಅದೇ ಭಯ ನಂಗೆ" ಎಂದು ಗರಗಸ ತೆಗೆದ. ಎರಡೂ ಕಡೆಯ ಕೊಳವೆ ಒಂದೇ ಅಳತೆಗೆ ಇಳಿಯಿತು. ಕೆಳಗೆ ಬಿದ್ದ ತುಂಡುಗಳನ್ನು ಜೇಬಿಗೆ ಹಾಕಿಕೊಂಡೆ.

ಆಮೇಲಿನದು ಅಭ್ಯಾಸ. ಚೌಕಟ್ಟಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದೆವು, ಬ್ಯಾಟರಿಯ ತುದಿಗಳಿಗೆ ಲೋಹ ತಾಗಬಾರದು. ನೆಲದಿಂದ ಎತ್ತುವುದನ್ನು ಬಿಡಿಸಿದೆ. ಡಬ್ಬವನ್ನು ಟೆಂಪೊದ ಅಂಚಿನಲ್ಲಿ ಸೊಂಟದ ಮಟ್ಟಕ್ಕೆ ಇಟ್ಟು, ಬೆನ್ನು ಕೊಟ್ಟು, ಅಲ್ಲಿಂದಲೇ ಎದ್ದು ನಿಲ್ಲುವುದು. ಮೊದಲು ಸೊಂಟದ ಪಟ್ಟಿ, ಮೂಳೆಯ ಮೇಲೆ. ಆಮೇಲೆ ಹೆಗಲಿನದು, ಬರೀ ಅಪ್ಪಿಕೊಳ್ಳುವಷ್ಟು. ಹೆಗಲ ಮೇಲಿಂದ ಚೌಕಟ್ಟಿನ ತಲೆಗೆ ಹೋಗುವ ಸಣ್ಣ ಪಟ್ಟಿಗಳನ್ನು ಕೊನೆಗೆ ಎಳೆದರೆ ಡಬ್ಬ ಬೆನ್ನಿಗೆ ಅಂಟುತ್ತದೆ. ಡಬ್ಬ ತೀರಾ ಕೆಳಗಿದ್ದರೆ ಹಿಂದಕ್ಕೆ ಎಳೆಯುತ್ತದೆ, ತೀರಾ ಮೇಲಿದ್ದರೆ ತೂಗುತ್ತದೆ. ಹಲಗೆಯನ್ನು ಒಂದೊಂದು ತೂತು ಮೇಲೆ ಕೆಳಗೆ ಮಾಡಿ ನನ್ನ ಮನೆಯ ಮೆಟ್ಟಿಲ ಮೇಲೇ ಹತ್ತಿಸಿ ಇಳಿಸಿ ನೋಡಿದೆ.

"ಮಾಲಕರ," ಎಂದ ಕೊಪ್ಪಳದವನು ಮೇಲಿನಿಂದ, "ಈಗ ಭಾರ ಕಾಲಿಗೆ ಬಂತ ನೋಡ್ರಿ. ಹೆಗಲು ನಂದೋ ಅಲ್ಲೋ ಅನಸಾಕತ್ತೈತಿ."

ದೀಪಾವಳಿಗೆ ಮುಂಚೆ ಮೇಲ್ವಿಚಾರಕರು ಒಂದೇ ಗಲ್ಲಿಯಲ್ಲಿ ಇಬ್ಬರಿಗೂ ಕೆಲಸ ಕೊಟ್ಟು ತಾವೇ ಬಂದು ನಿಂತರು. ನನ್ನವನು ಎಲ್ಲೂ ನಿಲ್ಲದೆ, ಗೋಡೆ ಮುಟ್ಟದೆ ತಾರಸಿಗೆ ಹೋದ. ಎದುರಿನ ಕಟ್ಟಡದಲ್ಲಿ ಷಡ್ಡಕನೂ ಹಾಗೆಯೇ ಹೋದ. ಅವನ ಹಿಂದೆ, ನಾಗಸಂದ್ರದ ಆ ಚಿಕ್ಕ ಬ್ಯಾಗು ಹಾಕಿಕೊಂಡು ಅವನ ಆಳು ಬಂದ. ಗಿಡ್ಡ ಆಳು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸೊಂಟದ ಪಟ್ಟಿ ಪಕ್ಕೆಲುಬಿನ ಮೇಲೆ ಹತ್ತಿ ಕೂತಿತ್ತು. ಕಾಲು ಗಿಡ್ಡ, ಬೆನ್ನು ಉದ್ದ. ಎರಡನೇ ಮಹಡಿ ದಾಟುವಾಗ ಉಸಿರು ಮೇಲೆ ಹೋಗದೆ ಬಾಯಿ ತೆರೆದ. ಮೂರನೆಯದಕ್ಕೆ ಕಾಲು ಅದುರತೊಡಗಿತು.

ಷಡ್ಡಕ ಮೇಲಿದ್ದ, ಅವನಿಗೆ ಕಾಣುತ್ತಿರಲಿಲ್ಲ. ಮೇಲ್ವಿಚಾರಕರು ನನ್ನ ತಾರಸಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು, ಕೆಲಸ ನನ್ನದಾಗುತ್ತಿತ್ತು. ನಿಲ್ಲಬೇಕೆಂದೂ ಅನ್ನಿಸಿತು. ಆದರೆ ಆ ಮೆಟ್ಟಿಲಿನಿಂದ ಬೀಳುವುದು ನನ್ನ ಷಡ್ಡಕನಲ್ಲವಲ್ಲ. ಬೀಳುವವನ ಮೇಲೆ ನನಗೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ.

"ಏಯ್, ನಿಲ್ಲು!" ಎಂದು ಕೂಗಿ ಓಡಿದೆ. "ಮುಂದೆ ಹತ್ಬೇಡ. ಗೋಡೆಗೆ ಬೆನ್ ಕೊಟ್ಟು ಮೆಟ್ಟಿಲ ಮೇಲೆ ಕೂತ್ಕೋ."

ಅವನು ಕೂತ. ಬಕಲು ಬಿಚ್ಚಿದೆ. ಷಡ್ಡಕ ಮೇಲಿನಿಂದ ಇಳಿದು ಬಂದ, ಮೇಲ್ವಿಚಾರಕರು ಕೆಳಗಿನಿಂದ ಹತ್ತಿ ಬಂದರು. ಅವರಿಬ್ಬರ ನಡುವೆ ಆ ಆಳಿನ ತಲೆ ಬಗ್ಗಿಸಿ, ಕತ್ತಿನ ಮೂಳೆ ಮುಟ್ಟಿ, ಗೇಣು ಹಾಕಿ ತೋರಿಸಿದೆ. "ಇವನಿಗೆ ನಮ್ ಕೊಪ್ಪಳದವನಿಗೆ ಆಗ್ದೇ ಇದ್ದ ದೊಡ್ಡ ಸೈಜು ಬೇಕಿತ್ತು ಕಣೋ. ಎತ್ತರ ನೋಡಿ ತಂದ್ಯಲ್ಲ."

"ಅಯ್ಯೋ, ನಂಗೆ ಹೊಳೀಲೇ ಇಲ್ಲ ನೋಡಣ್ಣ" ಎಂದ ಷಡ್ಡಕ. "ನಿಮ್ಗೆ ಹೆಂಗ್ ಗೊತ್ತಾಯ್ತು?"

ಆಯುಧಪೂಜೆಯ ನಮಸ್ಕಾರದ ವಿಷಯ ನಾನು ಹೇಳಲಿಲ್ಲ.

ಕೆಲಸ ನನಗೆ ಬಂತು. "ನಿಮ್ ಷಡ್ಡಕರನ್ನೂ ಜೊತೆಗೆ ಹಾಕ್ಕೊಳ್ಳಿ" ಎಂದರು ಮೇಲ್ವಿಚಾರಕರು. ಅಂದರೆ ಅವನೇ ನನ್ನ ಕೈಕೆಳಗೆ. ಅವನು ಬಂದು ಕೈ ಕುಲುಕಿ, "ಒಳ್ಳೇದಾಯ್ತಣ್ಣ, ನಿಮಗೇ ಸಿಗ್ಬೇಕಿತ್ತು" ಎಂದ. ಅವನ ಮುಖವನ್ನು ಚೆನ್ನಾಗಿ ನೋಡಿದೆ. ಎಲ್ಲಾದರೂ ಒಂದು ಸಣ್ಣ ಉರಿ, ಒಂದು ಹುಳಿ ನಗು? ಏನೂ ಇಲ್ಲ. ಹಬ್ಬದ ಸಿಹಿ ಬೇರೆ ತಂದಿದ್ದ.

ಜೊತೆಗೆ ಆ ಚಿಕ್ಕ ಬ್ಯಾಗನ್ನೂ ತಂದಿದ್ದ. ತನ್ನ ಆಳಿಗೆ ಹೊಂದುವಂತೆ ಉದ್ದ ಮಾಡಿಕೊಡಬೇಕಂತೆ. ಕತ್ತರಿಸಿದಂತೆಯೇ ಉದ್ದ ಮಾಡುವುದೂ ಆಗುತ್ತದೆ, ಒಳಗೆ ಉದ್ದದ ಕೊಳವೆ ಹಾಕಿದರಾಯಿತು. ನಾನು ಬೇಕೆಂದೇ ನ್ಯಾಯಕ್ಕಿಂತ ಎರಡರಷ್ಟು ಬೆಲೆ ಹೇಳಿದೆ. ಅವನು ಅರ್ಧಕ್ಕೆ ಕೇಳಲಿ, ನಾನು ಆಗಲ್ಲ ಎನ್ನುತ್ತೇನೆ, ಅವನು ಎದ್ದು ಹೋಗಲಿ, ನಾನು ಕರೆಯುತ್ತೇನೆ. ಒಮ್ಮೆಯಾದರೂ ಅವನು ನನ್ನ ಎದುರು ನಿಂತು ಬೇಡಲಿ ಎಂದು.

"ಆಯ್ತಣ್ಣ" ಎಂದು ದುಡ್ಡು ತೆಗೆದು ಇಟ್ಟೇಬಿಟ್ಟ.

"ಸ್ವಲ್ಪನಾದ್ರೂ ಕಮ್ಮಿ ಕೇಳೋ!"

"ಯಾಕಣ್ಣಾ? ನೀವ್ ಹೇಳಿದ್ಮೇಲೆ ಸರಿಯಾಗೇ ಇರುತ್ತಲ್ಲ."

ಅರ್ಧ ದುಡ್ಡು ಅವನ ಜೇಬಿಗೆ ವಾಪಸ್ ತುರುಕಿದೆ. ಪೀಣ್ಯದಲ್ಲಿ ವೆಲ್ಡರನ ತಲೆಯ ಮೇಲೆ ಇಡೀ ದಿನ ಕೂತು ಮಾಡಿಸಿದೆ. ಜೇಬಿನಲ್ಲಿಟ್ಟುಕೊಂಡಿದ್ದ ನನ್ನ ನಾಲ್ಕು ಬೆರಳಿನ ತುಂಡುಗಳೇ ಅದಕ್ಕೆ ಸರಿಹೋದವು. ಒಂದು ರಿವೆಟ್ ವಾರೆಯಾಯಿತೆಂದು ಬಿಚ್ಚಿಸಿ ಮತ್ತೆ ಹೊಡೆಸಿದೆ. ಅಷ್ಟು ಸಿಟ್ಟು ನನಗೆ.

ಮರುದಿನ ಕಾಡುಗೋಡಿಯಲ್ಲಿ ಆ ಗಿಡ್ಡ ಆಳು ಅದನ್ನು ಹಾಕಿಕೊಂಡು ಸೀಟಿ ಹೊಡೆಯುತ್ತಾ ಐದನೇ ಮಹಡಿಗೆ ಹೋದ. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಅದು ನನ್ನ ಬ್ಯಾಗಿಗಿಂತ ಚೆನ್ನಾಗಿ ಕೂತಿತ್ತು.